ಒಲೆಯಲ್ಲಿ ಒಣಗಿಸಿದ ಜಲ್ಲಿ

ಮೋಸುಲಿನವರ ಜಿಪುಣತನದ ಬಗ್ಗೆ ಬಾಗ್ದಾದಿನವರ ಬಳಿ ಒಂದು ಮೂಟೆ ನಗೆಹನಿಗಳಿವೆ. ಮನೆಗೆ ನೆಂಟರು ಬಂದರೆ ನಾವು ಹೊಸ್ತಿಲಲ್ಲೇ "ಊಟ ಮುಗಿಸಿಕೊಂಡೇ ಹೊರಟಿರಬೇಕಲ್ಲ" ಎಂದು ವಿಚಾರಿಸುತ್ತೇವಂತೆ. ಯುದ್ಧ ಮುಗಿದು, ಹಳೇ ಊರು ಅರ್ಧಕ್ಕರ್ಧ ನೆಲ ಕಚ್ಚಿ, ಆ ಕಲ್ಲುಮಣ್ಣನ್ನೆಲ್ಲ ಲಾರಿಗಳಲ್ಲಿ ಊರಾಚೆಗೆ ಸಾಗಿಸಿ, ಪುಡಿಗಟ್ಟಿ, ಜರಡಿ ಹಿಡಿದು, ಅದೇ ಊರಿನ ರಸ್ತೆಗೆ ಜಲ್ಲಿಯಾಗಿ ಹಾಸುತ್ತೇವೆಂದು ನಾವು ಹೊರಟಾಗ ಅವರಿಗೆ ಇನ್ನೊಂದು ಸಿಕ್ಕಿತು: ಮೋಸುಲಿನವನ ಮನೆ ಬಿದ್ದರೆ ಅವನು ಅಳುವುದಿಲ್ಲ, ಅದರ ಮೇಲೇ ಓಡಾಡುತ್ತಾನೆ. ನಾವೂ ನಕ್ಕೆವು. ನಗದೆ ಇನ್ನೇನು ಮಾಡುವುದು, ಮಾತು ನಿಜವಾಗಿತ್ತು.

ಆ ಜಲ್ಲಿ ಘಟಕದ ಪರೀಕ್ಷಾ ಕೊಠಡಿಗೆ ಗಾನಿಮ್ ಮುಖ್ಯಸ್ಥ. ಮೂವತ್ತೊಂಬತ್ತರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಜಲ್ಲಿಯನ್ನು ಬಗೆಬಗೆಯಾಗಿ ಹಿಂಸಿಸಿ ಅದು ಎಷ್ಟು ತಡೆಯುತ್ತದೆಂದು ಬರೆದಿಡುವುದು ಅವನ ಕೆಲಸ. ಪೀಪಾಯಿಯೊಳಗೆ ಉಕ್ಕಿನ ಗುಂಡುಗಳ ಜೊತೆ ಹಾಕಿ ಐನೂರು ಸುತ್ತು ಉರುಳಿಸಿದರೆ ನೂರಕ್ಕೆ ಮೂವತ್ತನಾಲ್ಕು ಪಾಲು ಮಾತ್ರ ಪುಡಿಯಾಯಿತು, ನಲವತ್ತರವರೆಗೆ ಮಾಫಿ. ಗುಂಡಿನ ಪೆಟ್ಟು ನಮ್ಮೂರಿನ ಕಲ್ಲಿಗೆ ಹೊಸದಲ್ಲವಲ್ಲ.

ಆದರೆ ಗಾನಿಮನಿಗೆ ಹೆಸರು ತಂದದ್ದು ಇನ್ನೊಂದು ಪರೀಕ್ಷೆ. ಜಲ್ಲಿಯನ್ನು ಒಲೆಯಲ್ಲಿ ಒಂದು ಇಡೀ ದಿನ ಒಣಗಿಸಿ, ಅಳತೆಯ ನೀರು ಕಲಸಿ, ಕಬ್ಬಿಣದ ಡಬ್ಬಿಯಲ್ಲಿ ತುಂಬಿ ದಮ್ಮಸ್ಸು ಹೊಡೆದು, ನಾಲ್ಕು ದಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿಡಬೇಕು. ಐದನೆಯ ದಿನ ಮೇಲೆತ್ತಿ, ಮಣಿಕಟ್ಟಿನಷ್ಟು ದಪ್ಪದ ಕಬ್ಬಿಣದ ಕೋಲನ್ನು ಯಂತ್ರದಿಂದ ಒತ್ತಬೇಕು. ಕೋಲು ಇಳಿಯಲು ಎಷ್ಟು ಭಾರ ಬೇಕಾಯಿತೋ ಅದು ಜಲ್ಲಿಯ ತಾಕತ್ತು. ಗಣಿಯಿಂದ ಬಂದ ಮಾದರಿ ಕಲ್ಲಿಗೆ ನೂರು ಅಂಕ. ರಸ್ತೆಗೆ ಎಂಬತ್ತು ಸಾಕು. ಗಾನಿಮನ ಜಲ್ಲಿಗೆ ಬಂದದ್ದು ನೂರಾ ನಲವತ್ತೆರಡು.

ಬಿದ್ದ ಮನೆಗಳ ಪುಡಿ ಗಣಿಯ ಕಲ್ಲನ್ನು ಮೀರಿಸಿತ್ತು! ಗಾನಿಮ್ ಪರೀಕ್ಷೆಯನ್ನು ಮೂರು ಸಲ ಮಾಡಿದ. ಮೂರು ಸಲವೂ ನೂರಾ ನಲವತ್ತರ ಆಸುಪಾಸು. ಆ ಅಂಕಿ ಮೊದಲು ಕಡತಕ್ಕೆ, ಆಮೇಲೆ ಬಣ್ಣದ ಕರಪತ್ರಕ್ಕೆ, ಆಮೇಲೆ ಹಣ ಕೊಟ್ಟ ಪರದೇಶದವರ ಭಾಷಣಕ್ಕೆ ಹೋಯಿತು. ಜಲ್ಲಿಯಲ್ಲಿ ಜುಸ್ಸಿನ, ಅಂದರೆ ಹಳೇ ಗಾರೆಯ, ಪ್ರಮಾಣ ಎಷ್ಟಿದೆಯೆಂದು ನೋಡುವ ರಾಸಾಯನಿಕವು ಗಡಿಯಲ್ಲಿ ಸುಂಕದವರ ಕೈಯಲ್ಲಿ ಸಿಕ್ಕಿಕೊಂಡಿತ್ತು. ಬರುವವರೆಗೆ ಕಾಯಬೇಕಾಗಿತ್ತು. ಇಷ್ಟು ಅಂಕ ಬಂದ ಹುಡುಗನ ಹಾಜರಿ ಪುಸ್ತಕ ಯಾರು ನೋಡುತ್ತಾರೆ? ಆ ಕಾಲಮಿನಲ್ಲಿ ಗಾನಿಮ್ 'ಕಣ್ಣಂದಾಜಿಗೆ ಅಲ್ಪ' ಎಂದು ಬರೆದು ಸಹಿ ಹಾಕಿದ.

ಜುಸ್ಸು ನಮ್ಮೂರಿನ ಗಾರೆ. ಬಿಳಿ ಕಲ್ಲನ್ನು ಗೂಡಿನಲ್ಲಿ ಸುಟ್ಟು ಅರೆದರೆ ಜುಸ್ಸು. ನೀರು ಕಂಡರೆ ಕಾಲು ಗಂಟೆಯಲ್ಲಿ ಕಲ್ಲಾಗುತ್ತದೆ. ಹಳೇ ಊರಿನ ಗೋಡೆ, ಕಮಾನು, ಮೆಟ್ಟಿಲು ಎಲ್ಲವನ್ನೂ ಹಿಡಿದಿಟ್ಟದ್ದು ಅದೇ. ಗೋಡೆಯಲ್ಲಿ ಅದು ಮುನ್ನೂರು ವರ್ಷ ಬಾಳುತ್ತದೆ, ನೆಲದೊಳಗಿನ ನೀರಿನಲ್ಲಿ ಒಂದು ಮಳೆಗಾಲ ಬಾಳುವುದಿಲ್ಲ. ಬೆಲ್ಲದ ಹಾಗೆ ಕರಗುತ್ತದೆ.

ಇದು ಗಾನಿಮನಿಗೆ ಗೊತ್ತಿರಲಿಲ್ಲವೇ? ಅವನ ತಂದೆ ಧನ್ನೂನ್ ನಲವತ್ತೆರಡು ವರ್ಷ ಜುಸ್ಸು ಸುಟ್ಟವನು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಮನೆಗೆ ಬರುತ್ತಿದ್ದವನು. ಶಾಲೆಯಲ್ಲಿ ಗಾನಿಮನನ್ನು 'ಹಿಟ್ಟಿನ ಮೂಟೆಯ ಮಗ' ಎಂದು ಕರೆಯುತ್ತಿದ್ದರು. ಕಾಲೇಜು ಸೇರಿದ ಮೇಲೆ ಯಾರಾದರೂ ಕೇಳಿದರೆ "ಅಪ್ಪ ಕಟ್ಟಡ ಸಾಮಗ್ರಿಯಲ್ಲಿದ್ದಾರೆ" ಎನ್ನುವುದನ್ನು ಅವನು ಕಲಿತ. ಸುಳ್ಳೇನಲ್ಲ, ಧನ್ನೂನ್ ಕಟ್ಟಡ ಸಾಮಗ್ರಿಯಲ್ಲಿ ಕುತ್ತಿಗೆಯವರೆಗೆ ಇದ್ದ.

*

ರಸ್ತೆ ಹಾಸಿದ್ದು ಅಕ್ಟೋಬರಿನಲ್ಲಿ. ಹಳೇ ಊರಿನಿಂದ ನದಿಯ ಕಡೆಗೆ ಇಳಿಯುವ ಬಡಗಿಗಳ ರಸ್ತೆ. ಮೇಸ್ತ್ರಿ ಅಬು ನಶ್ವಾನ್, ಅರವತ್ತೊಂದು ದಾಟಿದವನು. ಮೂವರು ಅಧ್ಯಕ್ಷರ ಕಾಲದ ರಸ್ತೆಗಳನ್ನು ಹಾಸಿದ ಮನುಷ್ಯ. ಅವನ ಸ್ವಂತ ಮನೆಯೂ ಆ ಪುಡಿಯಲ್ಲಿ ಎಲ್ಲೋ ಇತ್ತು. "ಹೆಂಡತಿ ಕೇಳ್ತಾಳೆ, ಮನೆ ಯಾವಾಗ ಕಟ್ತೀಯ ಅಂತ. ದಿನಾ ಕಟ್ತಾ ಇದೀನಿ ಮಾರಾಯ್ತಿ, ಉದ್ದಕ್ಕೆ ಕಟ್ತಾ ಇದೀನಿ ಅಂದೆ," ಎಂದು ಕೆಲಸದವರನ್ನು ನಗಿಸುತ್ತಿದ್ದ.

ಜಗಳ ಬಂದದ್ದು ನೀರಿನ ವಿಷಯಕ್ಕೆ. ಜಲ್ಲಿಗೆ ಹದವಾಗಿ ನೀರು ಹಾಕಿ ರೋಲರ್ ಓಡಿಸಿದರೆ ಮಾತ್ರ ಅದು ಕೂರುತ್ತದೆ. ಗಾನಿಮ್ ಜಲ್ಲಿಯನ್ನು ತೂಗಿ, ಒಲೆಯಲ್ಲಿಟ್ಟು, ಮತ್ತೆ ತೂಗಿ, ಕಡಿಮೆಯಾದ ತೂಕವೆಲ್ಲ ನೀರೆಂದು ಲೆಕ್ಕ ಹಾಕಿದ್ದ. ಆ ಲೆಕ್ಕದಲ್ಲಿ ಜಲ್ಲಿ ಆಗಲೇ ಒದ್ದೆ. ನೂರು ಮೀಟರಿಗೆ ಒಂದು ಟ್ಯಾಂಕರ್ ಸಾಕು ಎಂದು ಚೀಟಿ ಬರೆದು ಕಳಿಸಿದ. ಅಬು ನಶ್ವಾನ್ ಮೂರನೆಯ ದಿನ ಅವನನ್ನು ಕರೆಸಿಕೊಂಡ.

"ಮುಹಂದಿಸ್, ನಾಲ್ಕು ಟ್ಯಾಂಕರ್ ಬೇಕು. ನೋಡಿ," ಎಂದು, ಎಂಜಿನಿಯರನ್ನು ಕರೆಯುವ ಮರ್ಯಾದೆಯಲ್ಲೇ ಕರೆದು, ಒಂದು ಮುಷ್ಟಿ ಪುಡಿ ಹಿಡಿದು ಅಮುಕಿ ಕೈ ಬಿಚ್ಚಿದ. ಅದು ಬೆರಳ ಸಂದಿಯಿಂದ ಉದುರಿಹೋಯಿತು. "ಉಂಡೆ ಕಟ್ತಿಲ್ಲ. ರಂಜಾನಿನ ಮಧ್ಯಾಹ್ನದ ಬಾಯಿ ಇದ್ದ ಹಾಗಿದೆ."

"ಒಂಬತ್ತು ಪಾಲು ನೀರಿದೆ ಅದರಲ್ಲಿ. ನಾನು ಅಳೆದಿದ್ದೀನಿ ಅಮ್ಮೋ."

"ನಿಮ್ಮ ಕಾಗದದಲ್ಲಿರಬಹುದು. ನನ್ನ ಕೈಯಲ್ಲಿಲ್ಲ."

ಸುತ್ತ ಹನ್ನೆರಡು ಜನ ಕೆಲಸದವರು ಸಲಿಕೆ ಊರಿ ನಿಂತಿದ್ದರು. ಗಾನಿಮನಿಗೆ ಕಿವಿ ಬಿಸಿಯಾಯಿತು. ದೊಡ್ಡವರನ್ನು ಚಿಕ್ಕಪ್ಪ ಎಂದು ಕರೆಯುವ ಆ 'ಅಮ್ಮೋ' ಅವನ ಬಾಯಿಂದ ಅಲ್ಲಿಗೆ ಬಿದ್ದುಹೋಯಿತು.

"ನಿನ್ನ ಕೈಯಲ್ಲಿ ತೂಕ ಮಾಡೋ ಹಾಗಿದ್ರೆ ಸರ್ಕಾರ ನನಗೆ ಯಾಕೆ ಯಂತ್ರ ಕೊಡಿಸ್ತಿತ್ತು? ಮುಷ್ಟಿ ಹಿಡಿದು ರಸ್ತೆ ಮಾಡೋ ಕಾಲ ಮುಗೀತು. ಬರೆದಿದ್ದಷ್ಟು ಹಾಕು."

ಅಬು ನಶ್ವಾನ್ ಕೈ ಕೊಡವಿಕೊಂಡ. "ಹಾಕ್ತೀನಿ," ಎಂದ. ಹಾಕಿದ, ಒಂದೇ ಟ್ಯಾಂಕರ್. ಪುಸ್ತಕದಲ್ಲೂ ಹಾಗೇ ಬರೆದ.

ಜನವರಿಯಲ್ಲಿ ಒಂಬತ್ತು ದಿನ ಬಿಡದೆ ಮಳೆ ಹಿಡಿಯಿತು. ಹತ್ತನೆಯ ದಿನ ಬಡಗಿಗಳ ರಸ್ತೆಯಲ್ಲಿ ಎಂಬತ್ತು ಮೀಟರು ಉದ್ದಕ್ಕೆ ಡಾಂಬರು ಹಳೇ ಹಾಸಿಗೆಯ ಹಾಗೆ ನಡುವೆ ಜಗ್ಗಿತು. ಗ್ಯಾಸ್ ಸಿಲಿಂಡರಿನ ಗಾಡಿಯೊಂದು ಅಚ್ಚಿನವರೆಗೆ ಹೂತುಹೋಗಿ, ಗಾಡಿಯವನು ಇಳಿದು ರಸ್ತೆಯನ್ನೂ ಅದನ್ನು ಮಾಡಿದವರ ತಾಯಂದಿರನ್ನೂ ನೆನೆದ. ಯಾರಿಗೂ ಪೆಟ್ಟಾಗಲಿಲ್ಲ. ನಗರಸಭೆಯವರು ಒಂದು ವಿಚಾರಣಾ ಸಮಿತಿ ಮಾಡಿದರು. ಸಮಿತಿಗೆ ಮೊದಲ ದಿನವೇ ಟ್ಯಾಂಕರಿನ ಪುಸ್ತಕ ಸಿಕ್ಕಿತು: ರೂಢಿಯಂತೆ ನಾಲ್ಕಿರಬೇಕಾದಲ್ಲಿ ಒಂದು; ಗಾನಿಮನ ಚೀಟಿ ಪುಸ್ತಕದಲ್ಲಿರಲಿಲ್ಲ. ನೀರು ಉಳಿಸಿದ ಮೇಸ್ತ್ರಿ ನೀರನ್ನು ಎಲ್ಲಿ ಮಾರಿಕೊಂಡ ಎಂದು ಪೇಟೆಯಲ್ಲಿ ಮಾತು ಶುರುವಾಯಿತು. ತಪ್ಪು ಸಾಬೀತಾದರೆ ಅಬು ನಶ್ವಾನನ ಹೆಸರನ್ನು ಗುತ್ತಿಗೆ ಪಟ್ಟಿಯಿಂದ ಹೊಡೆದು ಹಾಕುವುದು ಎಂದಾಯಿತು. ಮಂಗಳವಾರ ವಿಚಾರಣೆ.

ಗಾನಿಮನಿಗೆ ಆಗ ಅನ್ನಿಸಿದ್ದು, ನಿಜ ಹೇಳಬೇಕೆಂದರೆ, ಸಮಾಧಾನ. ಒಂದು ಟ್ಯಾಂಕರ್ ಎಂದು ತಾನೇ ಬರೆದದ್ದು ಅವನಿಗೆ ನೆನಪಿತ್ತು. ಆದರೆ ಜಲ್ಲಿಗೆ ನೂರಾ ನಲವತ್ತೆರಡು ಬಂದಿದೆಯಲ್ಲ. ಅಷ್ಟು ಗಟ್ಟಿಮುಟ್ಟಾದ ಮಾಲು ಕೆಟ್ಟಿತೆಂದರೆ ರೋಲರ್ ಸರಿಯಾಗಿ ಓಡಿಸಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದ.

*

ಗುರುವಾರ ಬೆಳಿಗ್ಗೆ ಪರೀಕ್ಷಾ ಕೊಠಡಿಯಲ್ಲಿ ರಗದ್, ಅವನ ಕೈಕೆಳಗಿನ ಎಂಜಿನಿಯರ್ ಹುಡುಗಿ, ಅಳತೆಯ ಲೋಟ ಒಡೆದುಹೋಗಿದೆಯೆಂದು ಚಹಾದ ಗಾಜಿನ ಲೋಟದಲ್ಲೇ ಒಲೆಯಲ್ಲಿ ಒಣಗಿಸಿದ ಜಲ್ಲಿಯ ಪುಡಿ ಅಳೆಯುತ್ತಿದ್ದಳು. ಕೆಲಸ ಮುಗಿದ ಮೇಲೆ ತೊಳೆಯಲೆಂದು ಅದರಲ್ಲುಳಿದ ಪುಡಿಗೆ ನೀರು ಬಿಟ್ಟು, ಚಮಚ ಆಡಿಸಿ, ಅಷ್ಟರಲ್ಲಿ ತಾಯಿಯ ಫೋನು ಬಂತೆಂದು ಹೊರಗೆ ಹೋದಳು. ತಾಯಿಯ ಫೋನು ಕಾಲು ಗಂಟೆಗೆ ಕಡಿಮೆ ಯಾವತ್ತೂ ಇಲ್ಲ.

ವಾಪಸು ಬಂದವಳು ನಕ್ಕಳು. "ಉಸ್ತಾದ್ ಗಾನಿಮ್, ಇಲ್ಲಿ ನೋಡಿ, ಚಹಾ ಹೆಪ್ಪುಗಟ್ಟಿದೆ."

"ಸಕ್ಕರೆ ಜಾಸ್ತಿ ಹಾಕಿರ್ತೀಯ," ಎಂದ ಗಾನಿಮ್ ಕಡತದಿಂದ ತಲೆ ಎತ್ತದೆ.

"ಅಯ್ಯೋ, ಚಮಚ ಕಿತ್ತು ಬರ್ತಿಲ್ಲ ಉಸ್ತಾದ್!" ಅವಳು ಚಮಚ ಹಿಡಿದು ಎತ್ತಿದರೆ ಲೋಟವೂ ಜೊತೆಗೆ ಎದ್ದಿತು.

ಗಾನಿಮ್ ಲೋಟವನ್ನು ಕೈಗೆ ತೆಗೆದುಕೊಂಡ. ಬೆಚ್ಚಗಿತ್ತು.

ಕಲಸಿದ ಜುಸ್ಸು ಗಟ್ಟಿಯಾಗುವಾಗ ಬೆಚ್ಚಗಾಗುತ್ತದೆ. ಚಳಿಗಾಲದ ಬೆಳಿಗ್ಗೆಗಳಲ್ಲಿ ಧನ್ನೂನ್ ಮಗನ ಕೈಯನ್ನು ಹಿಡಿದು ಆಗಷ್ಟೇ ಬಳಿದ ಗೋಡೆಗೆ ಒತ್ತುತ್ತಿದ್ದ: "ನೋಡು, ಗೋಡೆಗೆ ಜೀವ ಬಂತು." ಇಪ್ಪತ್ತೈದು ವರ್ಷ ಎಲ್ಲೂ ಬೇಕಾಗದ ಆ ನೆನಪು ಈಗ ಲೋಟದಿಂದ ಅಂಗೈಗೆ ಏರಿ, ಅಲ್ಲಿಂದ ಮೇಲಕ್ಕೆ ಹೋಗಿ, ಗಾನಿಮನ ಮುಖವನ್ನು ಸುಟ್ಟಿತು. ಕಿಟಕಿಯ ಹತ್ತಿರ ಒಲೆ ಗುಂಯ್‌ಗುಡುತ್ತಿತ್ತು. ಅದರ ಸೂಜಿ ನೂರಹತ್ತು ಡಿಗ್ರಿಯಲ್ಲಿ ಶಾಂತವಾಗಿ ನಿಂತಿತ್ತು.

ಅದು ಒಲೆಯಲ್ಲ. ಗೂಡು.

ಬಿದ್ದ ಗೋಡೆಗಳ ಹಳೇ ಗಾರೆ ಆ ಬಿಸಿಯಲ್ಲಿ ಇಡೀ ದಿನ ಬೆಂದು ಮತ್ತೆ ಹೊಸ ಜುಸ್ಸಾಗಿತ್ತು. ಅದಕ್ಕೆ ನೀರು ಕಲಸಿ ಡಬ್ಬಿಗೆ ತುಂಬಿದಾಗ ಅದು ಕಲ್ಲಾಗಿ ಕೂತಿತ್ತು. ಕೋಲು ಒತ್ತಿದ್ದು ಜಲ್ಲಿಯನ್ನಲ್ಲ, ಅಚ್ಚು ಹಾಕಿದ ಗೋಡೆಯನ್ನು. ನೂರಾ ನಲವತ್ತೆರಡು ಆ ಗೋಡೆಯ ಅಂಕ. ರಸ್ತೆಗೆ ಬಿದ್ದ ಜಲ್ಲಿಯನ್ನು ಯಾರೂ ಸುಟ್ಟಿರಲಿಲ್ಲ. ಅದು ಅಲ್ಲಿ ಬರೀ ಹಳೇ ಗಾರೆಯ ಚೂರು. ಇನ್ನು ಒಲೆಯಲ್ಲಿ ಕಡಿಮೆಯಾದ ತೂಕ? ಅದು ನೀರೇ, ಆದರೆ ಕಲ್ಲಿನೊಳಗೆ ಕಲ್ಲಾಗಿ ಕೂತ ನೀರು. ಮುಷ್ಟಿಗೆ ಸಿಗುವ ನೀರಲ್ಲ. ಜಲ್ಲಿ ಒಣಗಿತ್ತು. ಅಬು ನಶ್ವಾನನ ಕೈ ಸರಿಯಾಗಿತ್ತು.

ಗಾನಿಮ್ ಕಪಾಟಿನಿಂದ ಕೈಪಿಡಿ ತೆಗೆದ. ಆ ಪುಟದಲ್ಲಿ ವಿದ್ಯಾರ್ಥಿಯಾಗಿದ್ದಾಗ ತಾನೇ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದ. ಗೆರೆ ಅಡಿಟಿಪ್ಪಣಿಗೆ ಎರಡು ಬೆರಳು ಮೇಲೆ ನಿಂತಿತ್ತು. ಅಡಿಟಿಪ್ಪಣಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: ಇಂಥ ಗಾರೆ ಬೆರೆತ ಮಾಲನ್ನು ಅರವತ್ತು ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಬಾರದು.

"ಅಂದ್ರೆ ಉಸ್ತಾದ್," ರಗದ್ ನಗು ಮರೆತು ಮೆಲ್ಲಗೆ ಕೇಳಿದಳು, "ಇಷ್ಟು ದಿನ ನಾವು ಪರೀಕ್ಷೆ ಮಾಡಿದ್ದು ರಸ್ತೆ ಜಲ್ಲಿ ಅಲ್ವಾ?"

"ಅಲ್ಲ. ಗಾರೆ ಮಾಡಿ ಗಾರೆ ಪರೀಕ್ಷೆ ಮಾಡಿದ್ವಿ."

"ಯಾರಿಗೂ ಹೇಳ್ಬೇಡಿ ಈಗಲೇ. ಇನ್ನೊಂದು ಸಲ ಮಾಡಿ ನೋಡೋಣ."

ಇನ್ನೊಂದು ಸಲ ಮಾಡಿದರು. ಈ ಸಲ ಒಲೆಯ ಹತ್ತಿರವೂ ಹೋಗದೆ, ಜಲ್ಲಿಯನ್ನು ಹೊರಗಿನ ಬಿಸಿಲಿನಲ್ಲಿ ಹರವಿ, ಸಂಜೆಯೊಳಗೆ ಡಬ್ಬಿಗೆ ತುಂಬಿ, ತೊಟ್ಟಿಗೆ ಇಳಿಸಿದರು. ಇನ್ನು ನಾಲ್ಕು ದಿನ. ಸೋಮವಾರ ಸಂಜೆ ಮೇಲೆತ್ತಿದರೆ ಮಂಗಳವಾರ ವಿಚಾರಣೆ.

*

ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಗೋಧಿ ನುಚ್ಚಿನೊಳಗೆ ಮಾಂಸ ತುಂಬಿ ಬೇಯಿಸಿದ ಕುಬ್ಬಾ. ಎಪ್ಪತ್ತೈದರ ಧನ್ನೂನ್ ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ತುತ್ತು ಸಾಗಿಸುತ್ತಾ ಕೇಳಿದ, "ಆ ಕುಸಿದ ರಸ್ತೆ ಯಾರ ತಪ್ಪಂತೆ?"

"ಮೇಸ್ತ್ರಿದು ಅಂತಾರೆ, ಬಾಬಾ."

"ಅಬು ನಶ್ವಾನಾ? ಅವನು ಒಳ್ಳೇವ್ನು. ನನ್ನ ಗೂಡಿನ ಮುಂದಿನ ದಾರಿ ಹಾಕಿದ್ದು ಅವನೇ. ಗೂಡು ಹೋಯ್ತು, ದಾರಿ ಇನ್ನೂ ಇದೆ."

ಗಾನಿಮ್ ತಟ್ಟೆಯಲ್ಲಿದ್ದ ಕುಬ್ಬಾವನ್ನು ನಾಲ್ಕು ಮಾಡಿದ, ಎಂಟು ಮಾಡಿದ. ಆಮೇಲೆ ತನಗೇ ಕೇಳದ ಹಾಗೆ ಕೇಳಿದ, "ಬಾಬಾ, ಜುಸ್ಸು ಸುಡೋದಕ್ಕೆ ಎಷ್ಟು ಬಿಸಿ ಬೇಕು?"

ಧನ್ನೂನ್ ಅಗಿಯುವುದನ್ನು ನಿಲ್ಲಿಸಿದ. ಮಗ ಆ ಕಸುಬಿನ ಬಗ್ಗೆ ಒಂದು ಮಾತು ಕೇಳಿ ಇಪ್ಪತ್ತೈದು ವರ್ಷವಾಗಿತ್ತು. ಕೈ ಒರೆಸಿಕೊಂಡು, ಯಾರೋ ದೊಡ್ಡ ಮನುಷ್ಯರು ಮನೆಗೆ ಬಂದ ಹಾಗೆ ನೆಟ್ಟಗೆ ಕೂತ.

"ಬಿಸಿ ಹೆಚ್ಚೇನು ಬೇಡ ಮಗನೇ. ಸುಣ್ಣಕ್ಕೆ ನರಕದ ಬೆಂಕಿ ಬೇಕು. ಜುಸ್ಸಿಗೆ ತಾಳ್ಮೆ ಸಾಕು. ಕುರಿ ಬೇಯಿಸೋ ಒಲೆಯಲ್ಲಿ ಸಂಜೆ ಇಟ್ಟು ಮರೆತುಬಿಟ್ರೆ ಬೆಳಿಗ್ಗೆ ಆಗಿರುತ್ತೆ. ಕಡ್ಡಿ ಉರಿ, ಅಷ್ಟೆ. ಯಾಕೆ? ಯಾರಿಗಾದ್ರೂ ಕಲೀಬೇಕಂತಾ?"

"ಇಲ್ಲ. ಸುಮ್ನೆ ಕೇಳ್ದೆ."

"ಕಲೀಬೇಕು ಅಂತಿದ್ರೆ ಕರ್ಕೊಂಡು ಬಾ. ನಾನು ಮನೇಲೇ ಇರ್ತೀನಿ," ಎಂದ ಮುದುಕ, ಎಪ್ಪತ್ತೈದರಲ್ಲಿ ಇನ್ನೆಲ್ಲಿಗೋ ಹೋಗುವವನ ಹಾಗೆ. ಗಾನಿಮ್ ಕೈ ತೊಳೆಯುವ ನೆಪದಲ್ಲಿ ಎದ್ದು, ಕೊಳಾಯಿ ಬಿಟ್ಟು, ಬೇಕಾದ್ದಕ್ಕಿಂತ ಬಹಳ ಹೊತ್ತು ನೀರಿನ ಸದ್ದು ಕೇಳುತ್ತ ನಿಂತ.

ನಾಚಿಕೆಗೂ ಒಂದು ಜಾಣತನವಿದೆ. ಅದು ಎರಡು ದಿನ ಗಾನಿಮನ ಪಕ್ಕದಲ್ಲಿ ಕೂತು ವಕೀಲನ ಹಾಗೆ ಮಾತಾಡಿತು. ರಾಸಾಯನಿಕ ಬಾರದ್ದು ನಿನ್ನ ತಪ್ಪೇ? ಅಡಿಟಿಪ್ಪಣಿಯನ್ನು ಅಷ್ಟು ಸಣ್ಣಗೆ ಅಚ್ಚು ಹಾಕಿದ್ದು ನಿನ್ನ ತಪ್ಪೇ? ಅಬು ನಶ್ವಾನನಿಗೆ ಹೇಗೂ ಅರವತ್ತು ದಾಟಿತು, ಇನ್ನೆಷ್ಟು ರಸ್ತೆ ಹಾಸಬೇಕು? ಮುಂದಿನ ಜಲ್ಲಿಯನ್ನು ಸದ್ದಿಲ್ಲದೆ ಸರಿ ಮಾಡಿಕೊಂಡರೆ ಊರಿಗೆ ಸಾಲದೇ? ಎಲ್ಲಾ ಮಾತಿನಲ್ಲೂ ಅರ್ಥವಿತ್ತು. ಗಾನಿಮನಿಗೆ ಸಿಕ್ಕಿಕೊಂಡದ್ದು ಒಂದೇ ಕಡೆ: ಬೇರೆ ಊರಿನ ಎಂಜಿನಿಯರ್ ಈ ತಪ್ಪು ಮಾಡಿದರೆ 'ಪಾಪ, ಗೊತ್ತಿರಲಿಲ್ಲ' ಎನ್ನಬಹುದು. ಜುಸ್ಸು ಸುಡುವವನ ಮಗ ಮಾಡಿದರೆ? ಅಪ್ಪನ ಕಸುಬನ್ನು ಮರೆಯಲು ಅವನು ಎಷ್ಟು ಶ್ರದ್ಧೆಯಿಂದ ದುಡಿದಿದ್ದನೆಂದರೆ, ಕಡೆಗೆ ನಿಜವಾಗಿಯೂ ಮರೆತಿದ್ದ.

ಸೋಮವಾರ ಸಂಜೆ ಡಬ್ಬಿ ಮೇಲೆತ್ತಿದರು. ತೊಟ್ಟಿಯ ನೀರು ಹಾಲು ಬೆರೆಸಿದ ಹಾಗೆ ಮಬ್ಬಾಗಿತ್ತು. ಕೋಲು ಬೆಣ್ಣೆಗೆ ಇಳಿದಷ್ಟು ಸುಲಭವಾಗಿ ಇಳಿಯಲಿಲ್ಲ, ಆದರೆ ಇಳಿಯಿತು.

"ಇಪ್ಪತ್ತೊಂಬತ್ತು," ಎಂದಳು ರಗದ್. ಮತ್ತೆ ನೋಡಿದಳು. "ಇಪ್ಪತ್ತೊಂಬತ್ತೇ."

*

ವಿಚಾರಣೆಯ ಕೋಣೆಯಲ್ಲಿ ಮೂವರು ಸದಸ್ಯರು. ಅಧ್ಯಕ್ಷ ಉಸ್ತಾದ್ ಬಸ್ಮಾನ್, ಮೃದು ಮಾತಿನ ಮನುಷ್ಯ; ಯಾರನ್ನೂ ನೋಯಿಸದೆ ಕೆಲಸದಿಂದ ತೆಗೆಯುವುದರಲ್ಲಿ ಹೆಸರುವಾಸಿ. ಅಬು ನಶ್ವಾನ್ ಮದುವೆಗೆ ಹೊಲಿಸಿದ ಹಳೇ ಕೋಟು ತೊಟ್ಟು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ. ಕೋಟು ಹೊಟ್ಟೆಯ ಮೇಲೆ ಕೂಡಿರಲಿಲ್ಲ.

"ಅಬು ನಶ್ವಾನ್, ಒಂದೇ ಟ್ಯಾಂಕರ್ ಅಂತ ಬರೆದಿದೆ. ನಿಮ್ಮ ಕೈಬರಹವೇ?" ಬಸ್ಮಾನ್ ಕೇಳಿದ.

"ನನ್ನದೇ."

"ಯಾಕೆ ಅಷ್ಟು ಕಡಿಮೆ?"

ಈಗ ಚೀಟಿಯ ವಿಷಯ ಹೇಳುತ್ತಾನೆ ಎಂದುಕೊಂಡ ಗಾನಿಮ್. ಹೇಳಲಿ ಎಂದೂ, ಹೇಳದಿರಲಿ ಎಂದೂ ಒಟ್ಟಿಗೇ ಬಯಸಿದ.

"ಜಲ್ಲಿ ಒದ್ದೆಯಿದೆ ಅಂದ್ಕೊಂಡೆ," ಎಂದ ಅಬು ನಶ್ವಾನ್, ಗಾನಿಮನ ಕಡೆ ಒಂದು ಸಲವೂ ನೋಡದೆ.

"ನಲವತ್ತು ವರ್ಷದ ಅನುಭವದಲ್ಲಿ ಒದ್ದೆ ಒಣ ಗೊತ್ತಾಗಲಿಲ್ವಾ ಐನಿ, ನನ್ನ ಕಣ್ಣೇ?"

"ಗೊತ್ತಾಗಲಿಲ್ಲ."

ಬಸ್ಮಾನ್ ದುಃಖದಿಂದ ತಲೆ ಆಡಿಸಿ ಪೆನ್ನಿನ ಮುಚ್ಚಳ ತೆಗೆದ. ಗಾನಿಮ್ ಎದ್ದು ನಿಂತ. ರಾತ್ರಿಯೆಲ್ಲ ಜೋಡಿಸಿದ ಮಾತು ಒಂದೂ ಬಾರದೆ, ಪಾಠ ಒಪ್ಪಿಸುವವನ ಹಾಗೆ ಶುರು ಮಾಡಿದ. ಸ್ಫಟಿಕದೊಳಗಿನ ಜಲ, ತೂಕದ ವ್ಯತ್ಯಾಸ, ಮರುಗಟ್ಟುವಿಕೆ, ಇಪ್ಪತ್ತೊಂಬತ್ತು. ನೀರಿನ ಲೆಕ್ಕ ತನ್ನದು ಎಂದ. ಹೊಣೆಯೂ ತನ್ನದು ಎಂದ. ಮಾತು ಮುಗಿದಾಗ ಬಸ್ಮಾನನ ಕಣ್ಣು ತೇವವಾಗಿತ್ತು.

"ನೋಡಿ," ಎಂದು ಅವನು ಮಿಕ್ಕ ಇಬ್ಬರ ಕಡೆ ತಿರುಗಿದ, "ಮೋಸುಲಿನಲ್ಲಿ ಇನ್ನೂ ಇಂಥವರಿದ್ದಾರೆ. ಒಬ್ಬ ಮುದುಕನ ಅನ್ನ ಹೋಗಬಾರದು ಅಂತ ಇವರು ತಮ್ಮ ಹೆಸರನ್ನೇ ಒತ್ತೆ ಇಡ್ತಿದ್ದಾರೆ! ದೊಡ್ಡ ಮನಸ್ಸು, ಮುಹಂದಿಸ್. ನಿಮ್ಮ ತಂದೆಯವರು ಒಳ್ಳೇ ಸಂಸ್ಕಾರ ಕೊಟ್ಟಿದ್ದಾರೆ."

ಪಕ್ಕದ ಸದಸ್ಯನೊಬ್ಬ ಚಪ್ಪಾಳೆಗೆ ಕೈ ಎತ್ತಿ, ಅದು ವಿಚಾರಣೆಯೆಂದು ನೆನಪಾಗಿ ಇಳಿಸಿದ.

ಬೈಗುಳಕ್ಕೆ ತಯಾರಾಗಿ ಬಂದವನಿಗೆ ಹೊಗಳಿಕೆ ಬಿದ್ದರೆ ಎಲ್ಲಿ ಒರೆಸಿಕೊಳ್ಳಬೇಕು ತಿಳಿಯುವುದಿಲ್ಲ. ಗಾನಿಮ್ ಇಲ್ಲಿಗೆ ಕೂತುಬಿಡಬಹುದಿತ್ತು. ಅಬು ನಶ್ವಾನನೂ ಉಳಿಯುತ್ತಿದ್ದ, ತಾನೂ ಮೊದಲಿಗಿಂತ ಎರಡು ಮೊಳ ಎತ್ತರವಾಗಿ ಹೊರಗೆ ಹೋಗಬಹುದಿತ್ತು.

"ಉಸ್ತಾದ್, ನಿಮಗೆ ಅರ್ಥ ಆಗ್ಲಿಲ್ಲ," ಎಂದ. "ನಾನು ಯಾರನ್ನೂ ಉಳಿಸ್ತಿಲ್ಲ. ನಮ್ಮಪ್ಪ ಜುಸ್ಸು ಸುಡೋರು. ಜಸ್ಸಾಸ್. ನಲವತ್ತೆರಡು ವರ್ಷ. ನಾನು ಒಲೇಲಿ ಜುಸ್ಸು ಸುಟ್ಟು, ಅದನ್ನ ಜಲ್ಲಿ ಅಂತ ನಿಮಗೆ ತೋರಿಸ್ದೆ. ನಮ್ಮ ಮನೆ ಕಸುಬು ಅದು, ನನಗೇ ಗೊತ್ತಾಗ್ಲಿಲ್ಲ. ಜಲ್ಲಿ ಒಣಗಿದೆ ಅಂತ ಈ ಮನುಷ್ಯ ಮುಷ್ಟಿ ಹಿಡಿದು ತೋರಿಸ್ದ. ಹನ್ನೆರಡು ಜನರ ಮುಂದೆ ಅವನ ಬಾಯಿ ಮುಚ್ಚಿಸ್ದೆ. ಒಂದು ಟ್ಯಾಂಕರ್ ಅಂತ ನಾನೇ ಬರೆದುಕೊಟ್ಟ ಚೀಟಿ ಅವನ ಹತ್ತಿರ ಇರುತ್ತೆ, ಕೇಳಿ."

ಚೀಟಿ ಕೋಟಿನ ಒಳಜೇಬಿನಲ್ಲೇ ಇತ್ತು. ಅಬು ನಶ್ವಾನ್ ಅದನ್ನು ತೆಗೆದು ಮೇಜಿನ ಮೇಲಿಟ್ಟ. ತಾನೇ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

ಬಸ್ಮಾನ್ ಚೀಟಿ ಓದಿ, ಕನ್ನಡಕ ಒರೆಸಿ, ಮತ್ತೆ ಓದಿದ. ನೂರಾ ನಲವತ್ತೆರಡು ಕರಪತ್ರದಲ್ಲಿ ಅಚ್ಚಾಗಿದೆ, ಪರದೇಶದ ಭಾಷಣದಲ್ಲಿ ಸೇರಿದೆ. ಅವನಿಗೆ ಅದೆಲ್ಲ ಒಂದೊಂದಾಗಿ ನೆನಪಾಗುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ಒಂದು ಮಾತು," ಎಂದ ಕಡೆಗೆ, ತುಂಬ ಮೃದುವಾಗಿ. "ಒಲೆಯ ಸೂಜಿ ಕೆಟ್ಟಿತ್ತು ಅಂತ ಬರೆಯೋಣ. ಒಲೆಗೆ ಹೆಂಡತಿ ಮಕ್ಕಳಿಲ್ಲ, ಪೇಟೇಲಿ ಅದನ್ನ ಯಾರೂ ಕೇಳೋದೂ ಇಲ್ಲ."

"ಒಲೆ ನಾನು ಹೇಳಿದಷ್ಟೇ ಕಾಯ್ತು ಉಸ್ತಾದ್," ಎಂದ ಗಾನಿಮ್.

ವರದಿಯ 'ಕಾರಣ' ಎಂಬ ಜಾಗವನ್ನು ಅವನೇ ತುಂಬಿದ. ಮೂರು ಸಾಲು. ಮೊದಲ ಹಾಳೆ ಕೆಟ್ಟಿತು, ಎರಡನೆಯದರಲ್ಲಿ ಬರೆದ. ಮುಖ್ಯಸ್ಥನ ಹುದ್ದೆ ಅಲ್ಲಿಗೆ ಮುಗಿಯಿತು. ರಸ್ತೆ ಅಗೆದು ಮತ್ತೆ ಹಾಸುವವರೆಗೆ ಅಬು ನಶ್ವಾನನ ಕೈಕೆಳಗೆ ಇರತಕ್ಕದ್ದು ಎಂದು ಆಜ್ಞೆಯಾಯಿತು.

ಹೊರಗೆ ಮೊಗಸಾಲೆಯಲ್ಲಿ ಅಬು ನಶ್ವಾನ್ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು ಬೀಡಿಗೆ ತಡಕಾಡುತ್ತಿದ್ದ. ಗಾನಿಮ್ ಎದುರು ಹೋಗಿ ನಿಂತ.

"ಅಮ್ಮೋ, ಕ್ಷಮಿಸಿ."

"ಈಗ ಅಮ್ಮೋ ವಾಪಸ್ ಬಂತಾ?" ಅಬು ನಶ್ವಾನ್ ಕಡ್ಡಿ ಗೀರಿದ. "ಗೊತ್ತಿದ್ದೂ ಮಾಡಿದ್ರೆ ಕಳ್ಳ ಅಂತ ಬೈದು ಹಗುರ ಮಾಡ್ಕೊಳ್ತಿದ್ದೆ. ಗೊತ್ತಿಲ್ದೆ ಮಾಡಿದೀಯ. ಏನಂತ ಬೈಲಿ?"

"ನಾನು ಚೀಟಿ ಕೊಟ್ಟಿದ್ದೆ. ಒಳಗೆ ಯಾಕೆ ಹೇಳ್ಲಿಲ್ಲ?"

ಮುದುಕ ಹೊಗೆ ಬಿಟ್ಟ. "ಏನು ಹೇಳ್ಲಿ? ಒಣಗಿದೆ ಅಂತ ನನ್ನ ಕೈ ಹೇಳ್ತಿತ್ತು, ಆದ್ರೂ ಕಾಗದ ನೋಡಿ ಹೂಂ ಅಂದೆ ಅಂತಾನಾ? ನೀರು ಕದ್ದ ಅಂದ್ರೂ ಪರವಾಗಿಲ್ಲ ಮುಹಂದಿಸ್. ಅದನ್ನ ಮಾತ್ರ ನನ್ನ ಬಾಯಿಂದ ಹೇಳೋಕಾಗಲ್ಲ." ಆಮೇಲೆ ಮೆಟ್ಟಿಲು ಇಳಿಯುತ್ತ ತಿರುಗಿದ. "ಅಗೆದ ಮೇಲೆ ಜುಸ್ಸು ಯಾವುದು, ಸುಣ್ಣ ಯಾವುದು ಅಂತ ಬೇರೆ ಮಾಡಿ ನೋಡ್ಬೇಕು. ನನ್ನ ಹುಡುಗರಿಗೆ ಗೊತ್ತಾಗಲ್ಲ. ನಿಮ್ಮಪ್ಪನ್ನ ಕರ್ಕೊಂಡು ಬಾ."

"ಅವರಿಗೆ ವಯಸ್ಸಾಗಿದೆ..."

"ನಾಚಿಕೆ ಇನ್ನೂ ಉಳಿದಿದೆಯಾ? ಎಲ್ಲಾ ಒಳಗೇ ಸುರಿದು ಬಂದಿದೀಯ ಅಂದ್ಕೊಂಡಿದ್ದೆ," ಎಂದ ಅಬು ನಶ್ವಾನ್.

*

ಭಾನುವಾರ ಬೆಳಿಗ್ಗೆ ಬಡಗಿಗಳ ರಸ್ತೆಯಲ್ಲಿ ಅಗೆದ ಜಲ್ಲಿಯ ರಾಶಿಗಳು. ಧನ್ನೂನ್ ಕೂದಲು ಬಾಚಿ, ಗಡ್ಡ ಮಾಡಿಸಿಕೊಂಡು, ಮೊಮ್ಮಗಳ ಮದುವೆಗೆ ಬಂದವನ ಹಾಗೆ ಬಂದಿದ್ದ. ಟೊಮೆಟೊ ಪೆಟ್ಟಿಗೆಯನ್ನು ಬೋರಲು ಹಾಕಿ ಕೂರಿಸಿದರು. ಬಿಳಿ ಚೂರೊಂದನ್ನು ಎತ್ತಿ ಹೆಬ್ಬೆರಳಿನ ಉಗುರಿನಿಂದ ಗೀರುವನು. ಗೀರು ಬಿದ್ದರೆ ಜುಸ್ಸು, ಎಡಕ್ಕೆ ಎಸೆಯುವನು; ಬೀಳದಿದ್ದರೆ ಸುಣ್ಣ, ಬಲಕ್ಕೆ. ಎಡಗಡೆಯ ರಾಶಿ ನೋಡನೋಡುತ್ತ ಬೆಳೆಯಿತು. ನಾಲ್ಕರಲ್ಲಿ ಒಂದು ಪಾಲು. ಗಾನಿಮ್ ಸಹಿ ಹಾಕಿದ 'ಕಣ್ಣಂದಾಜಿಗೆ ಅಲ್ಪ' ಇದೇ.

ಬೀದಿಯ ಜನ ಸೇರಿದರು. ಅಂಗಡಿಯವನೊಬ್ಬ ಚಹಾ ತಂದ.

"ಯಜಮಾನ್ರೇ, ಈ ರಸ್ತೆ ಯಾಕೆ ಕುಸೀತಂತೆ?" ಕೆಲಸದವನೊಬ್ಬ ಗಾನಿಮನ ಕಡೆ ಕಣ್ಣು ಹೊಡೆದು ಕೇಳಿದ. ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಧನ್ನೂನ್ ಚಹಾ ಕೆಳಗಿಟ್ಟ. ಮುಖ ಅರಳಿತು. "ನನ್ನ ಮಗ ಜುಸ್ಸು ಸುಟ್ಟನಪ್ಪ! ಬೆಂಕಿ ಇಲ್ಲ, ಕಡ್ಡಿ ಇಲ್ಲ, ಹೊಗೆ ಇಲ್ಲ. ಕರೆಂಟಿನ ಒಲೆ! ನೂರಾ ನಲವತ್ತು ಚಿಲ್ಲರೆ ತಾಕತ್ತಂತೆ. ನನ್ನ ಗೂಡಿನ ಮಾಲೂ ಅಷ್ಟು ಬಂದಿತ್ತೋ ಇಲ್ಲವೋ." ಅವನು ಮಗನ ಕಡೆ ತಿರುಗಿದ, ಕಸುಬುದಾರ ಕಸುಬುದಾರನನ್ನು ಕೇಳುವ ಹಾಗೆ: "ಎಷ್ಟು ಹೊತ್ತು ಇಡ್ತಿದ್ದೆ?"

ಇಪ್ಪತ್ತು ಜನ ಉತ್ತರಕ್ಕೆ ಕಾದರು. "ಇಪ್ಪತ್ನಾಲ್ಕು ಗಂಟೆ, ಬಾಬಾ."

"ಛೆ, ಜಾಸ್ತಿಯಾಯ್ತು," ಎಂದ ಧನ್ನೂನ್. "ಹನ್ನೆರಡು ಸಾಕಿತ್ತು."

ನಗು ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಒಬ್ಬ ಸಲಿಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡ. ಏನು ನಗೆಯ ಮಾತು ಆಡಿದೆನೆಂದು ತಿಳಿಯದೆ ಮುದುಕನೂ ಎಲ್ಲರ ಜೊತೆ ನಕ್ಕ. ಅಬು ನಶ್ವಾನ್ ಮಾತ್ರ ನಗಲಿಲ್ಲ. ಇನ್ನೂ ಯಾರೂ ಮುಟ್ಟದ ಎರಡನೆಯ ರಾಶಿಯನ್ನು ಗದ್ದದಿಂದ ತೋರಿಸಿ, ಗಾನಿಮನಿಗೆ "ಅದು ನಿಂದು," ಎಂದ.

ಗಾನಿಮ್ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಕುಕ್ಕುರುಗಾಲಲ್ಲಿ ಕೂತ. ಕೈಗೆ ಸಿಕ್ಕಿದ ಬಿಳಿ ಚೂರನ್ನು ಉಗುರಿನಿಂದ ಗೀರಿದ. ಗೀರು ಬಿತ್ತೋ ಇಲ್ಲವೋ. ಬಿದ್ದ ಹಾಗೂ ಇತ್ತು, ಧೂಳು ಕದಲಿದ ಹಾಗೂ ಇತ್ತು. ಎಡಕ್ಕೆ ಎಸೆಯಲು ಹೋಗಿ ಕೈ ತಡೆದ. ಬಲಕ್ಕೆ ಹೋಗಿ ಮತ್ತೆ ತಡೆದ. ಜನ ಇನ್ನೂ ನೋಡುತ್ತಿದ್ದರು.

"ಏನದು, ಜುಸ್ಸೋ ಸುಣ್ಣವೋ?" ಪೆಟ್ಟಿಗೆಯ ಮೇಲಿಂದ ಅಪ್ಪ ಕೂಗಿ ಕೇಳಿದ.

"ಗೊತ್ತಿಲ್ಲ," ಎಂದ ಗಾನಿಮ್, ಎಲ್ಲರಿಗೂ ಕೇಳುವ ಹಾಗೆ. ಚೂರನ್ನು ಕೈಯಲ್ಲಿ ಹಿಡಿದು, ಎದ್ದು, ಕೇಳಲು ಅವನ ಹತ್ತಿರ ಹೋದ.